ನಾಳೆ ಎನ್ನದ ಅಂಗಡಿ

ಲೋಹಿತ ದಾಕ್ಷಿಣ್ಯವಿಲ್ಲದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂಡರಗಿಯಲ್ಲಿ ಅವನ ಬಗ್ಗೆ ಹೊಗಳಿಕೆಯೇ ಹೆಚ್ಚು ಕೇಳಿಬರುತ್ತದೆ. ಕುಡಿಯುವುದಿಲ್ಲ, ಗುಟಕಾ ತಿನ್ನುವುದಿಲ್ಲ, ಸುಳ್ಳು ಹೇಳುವುದಿಲ್ಲ, ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಡುತ್ತಾನೆ. ಎಲ್ಲವೂ ನಿಜ. ಆದರೆ ತನ್ನನ್ನು ತಿದ್ದಿಕೊಂಡ ಮನುಷ್ಯರಲ್ಲಿ ಒಂದು ದೋಷ ಬೆಳೆಯುತ್ತದೆ. ಉಳಿದವರೆಲ್ಲ ಅವರ ಕಣ್ಣಿಗೆ ಇನ್ನೂ ತಿದ್ದದೆ ಉಳಿದ ಉತ್ತರಪತ್ರಿಕೆಗಳಂತೆ ಕಾಣತೊಡಗುತ್ತಾರೆ. ಆ ದೋಷ ಲೋಹಿತನಲ್ಲಿ ಪೂರ್ತಿಯಾಗಿ ಬೆಳೆದಿತ್ತು.

ಅವನದು ಮೋಟರ್ ರಿವೈಂಡಿಂಗ್ ಅಂಗಡಿ, ಮುಂಡರಗಿಯಿಂದ ಹೊಳೆಯ ಕಡೆ ಹೋಗುವ ರಸ್ತೆಯಲ್ಲಿದೆ. ರೈತರ ನೀರೆತ್ತುವ ಮೋಟರು ಸುಟ್ಟರೆ ಒಳಗಿನ ಕರಕಲು ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಕಬ್ಬಿಣದ ಸಂದುಗಳಲ್ಲಿ ಒಂದೊಂದಾಗಿ ಕೂಡಿಸಿ, ಮೇಲೆ ವಾರ್ನಿಶ್ ಹಾಕಿ ಒಣಗಿಸಿ ಕೊಡುವುದು ಅವನ ಕೆಲಸ. ಸಿಂಗಟಾಲೂರಿನ ಸುತ್ತ ನೀರಾವರಿ ಬಂದ ಮೇಲೆ ಇಂಥ ಅಂಗಡಿಗಳು ಹೆಚ್ಚಿದವು. ಕರೆಂಟು ಏರಿಳಿಯುತ್ತದೆ, ಮೋಟರು ಸುಡುತ್ತದೆ, ಹೊಲದಲ್ಲಿ ಬೆಳೆ ನಿಂತಿರುತ್ತದೆ. ಹಾಗಾಗಿ ಈ ಅಂಗಡಿಗಳಿಗೆ ಬರುವವರಲ್ಲಿ ಸಾವಧಾನದವರು ಯಾರೂ ಇರುವುದಿಲ್ಲ. ಅವರಿಗೆ ಕೊಡುವ ಉತ್ತರವೂ ಎಲ್ಲ ಕಡೆ ಒಂದೇ: ನಾಳೆ ಬರ್ರಿ.

ನಮ್ಮ ಕಡೆ ಈ ಮಾತಿಗೆ ಮರುದಿನ ಎಂಬ ಅರ್ಥವಿಲ್ಲ. ಅಕ್ಕಸಾಲಿಗ ಹೇಳಿದರೂ ಅಷ್ಟೆ, ದರ್ಜಿ ಹೇಳಿದರೂ ಅಷ್ಟೆ. ಇವತ್ತು ಆಗಿಲ್ಲ, ಯಾವಾಗ ಆಗುತ್ತದೋ ಗೊತ್ತಿಲ್ಲ, ಆದರೂ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದು ಅದರ ತಾತ್ಪರ್ಯ. ಹೇಳುವವನಿಗೂ ಕೇಳುವವನಿಗೂ ಇದು ಗೊತ್ತು. ಒಬ್ಬರ ಮುಖ ಒಬ್ಬರು ಕೆಡಿಸದೆ ಬದುಕಲು ಕಂಡುಕೊಂಡ ದಾರಿ ಇದು.

ಲೋಹಿತನ ಅಂಗಡಿಯ ಒಳಗೋಡೆಯ ಮೇಲೆ, ಕೆಲಸದ ಮೇಜಿನ ನೆತ್ತಿಗೆ, ಕೆಂಪು ಅಕ್ಷರದ ಒಂದು ಬೋರ್ಡಿದೆ: ‘ಇಲ್ಲಿ ನಾಳೆ ಅನ್ನುವುದಿಲ್ಲ’. ಮೊದಲು ಪೇಂಟರ್ ಅದನ್ನು ‘ಇಲ್ಲಿ ನಾಳಿ ಅನ್ನೂದಿಲ್ಲ’ ಎಂದು ಬರೆದಿದ್ದ. ನಾನು ನಿವೃತ್ತಳಾಗಿ ಮುಂಡರಗಿಗೆ ಬಂದು ನೆಲೆಸಿದ ಹೊಸದು. ತೋಟದ ಮೋಟರು ಸುಟ್ಟಿತ್ತೆಂದು ಅಲ್ಲಿಗೆ ಹೋಗಿದ್ದೆ. ನಾನು ಕಾಲೇಜಿನಲ್ಲಿ ಕಲಿಸಿದವಳೆಂದು ತಿಳಿದೊಡನೆ ಲೋಹಿತ ಬೋರ್ಡಿನ ಕಡೆ ಕೈ ತೋರಿಸಿ, ಬರೆಯುವ ಕನ್ನಡದಲ್ಲಿ ಇದು ಸರಿಯೇ ಎಂದು ಕೇಳಿದ. ಮಾತಿನಲ್ಲಿ ಸರಿ, ಬರಹದಲ್ಲಿ ನಾಳೆ ಎಂದಾಗಬೇಕು ಎಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಅಕ್ಷರಗಳು ಬದಲಾಗಿದ್ದವು. ತಪ್ಪು ತೋರಿಸಿದವರ ಮೇಲೆ ಸಿಟ್ಟಾಗದಿರುವುದು ಅವನು ರೂಢಿಸಿಕೊಂಡ ಅಭ್ಯಾಸಗಳಲ್ಲಿ ಒಂದು.

ಅಭ್ಯಾಸ ಎಂಬ ಶಬ್ದವನ್ನು ನಾವು ಎರಡು ಕಡೆ ಬಳಸುತ್ತೇವೆ. ಹುಡುಗರು ಪರೀಕ್ಷೆಗೆ ಓದುವುದೂ ಅಭ್ಯಾಸ, ಚಹಾ ಇಲ್ಲದೆ ತಲೆನೋಯುವುದೂ ಅಭ್ಯಾಸ. ಲೋಹಿತ ಎರಡನೆಯದನ್ನು ಮೊದಲನೆಯದರಂತೆ ಮಾಡಿದ, ಅಂದರೆ ಕೂತು ಕಲಿತ. ಸೂರ್ಯ ಹುಟ್ಟುವ ಮೊದಲು ಏಳುವುದನ್ನು ಕಲಿತ. ಅಂಗಡಿಯ ಕಸವನ್ನು ತಾನೇ ಗುಡಿಸುತ್ತಿದ್ದ, ಏಕೆಂದರೆ ಕಳೆದುಹೋದ ತಿರುಪು ಕಸದಲ್ಲಿ ಸಿಗುತ್ತದೆ. ನಟ್ಟು ಬಿಗಿಯುವ ಪಾನಾ, ಇಕ್ಕಳ, ಸುತ್ತಿಗೆಗಳ ಆಕಾರವನ್ನು ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿದ್ದ. ಉಪಕರಣ ಅದರ ನೆರಳಿನ ಮೇಲೆಯೇ ತೂಗಬೇಕು. ಫೋನು ಮಧ್ಯಾಹ್ನದವರೆಗೆ ಡ್ರಾವರಿನಲ್ಲಿ. ದಿನಾಲೂ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಿದ್ದ. ಕರೆಂಟಿನ ಆಫೀಸಿನವರ ಮುಂದೆ ನಾಲಿಗೆ ತೊದಲಬಾರದು ಎಂದು. ಅಂಗಡಿಯೊಳಗೆ ಚಹಾ ತರಿಸುತ್ತಿರಲಿಲ್ಲ. ಚಹಾ ಬಂದರೆ ಮಾತು ಬರುತ್ತದೆ, ಮಾತು ಬಂದರೆ ಕೈ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸೀಮೆಸುಣ್ಣ. ಮೋಟರು ಬಂದ ಕೂಡಲೇ ಅದನ್ನು ಬಿಚ್ಚಿ ನೋಡಿ, ಯಾವ ವಾರ ಕೊಡುತ್ತಾನೆಂಬುದನ್ನು ಅದರ ಕಬ್ಬಿಣದ ಮೈಮೇಲೆ ಬರೆಯುತ್ತಿದ್ದ. ಸೋಮವಾರ, ಗುರುವಾರ. ಬರೆದ ಮೇಲೆ ಬದಲಿಲ್ಲ. ಬೇರೆ ಯಾರೂ ಅದನ್ನು ಬರೆಯುವಂತಿಲ್ಲ. ಮುಂಡರಗಿಯಲ್ಲಿ ಅಂಗಡಿಗಳಿದ್ದರೂ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದಲೂ ಜನ ಮೋಟರು ಹೇರಿಕೊಂಡು ಅವನಲ್ಲಿಗೆ ಬರುತ್ತಿದ್ದುದು ಆ ಬರಹವನ್ನು ನಂಬಿ.

ಮನೆಯವರಿಗೆ ಇದರಿಂದ ಹೆಚ್ಚೇನೂ ಸುಖವಿರಲಿಲ್ಲ. ಹೆಂಡತಿ ಪ್ರಿಯಾಂಕಾ ಅಂಗನವಾಡಿಯಲ್ಲಿ ಕಲಿಸುತ್ತಾಳೆ, ನಗುಮುಖದ ಹುಡುಗಿ. ಒಮ್ಮೆ ನನ್ನೊಡನೆ ಅಂದಿದ್ದಳು:

“ನಮ್ಮ ಮನ್ಯಾಗ ಗಡಿಯಾರ ಬ್ಯಾಡ್ರಿ ಅಕ್ಕಾರ. ಇವ್ರ ಅದಾರಲ್ಲ.”

ತನ್ನ ತಂಗಿಯ ನಿಶ್ಚಯಕ್ಕೆ ಲೋಹಿತ ಆಮಂತ್ರಣದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಖಾಲಿ ಪೆಂಡಾಲಿನಲ್ಲಿ ಒಬ್ಬನೇ ಕೂತಿದ್ದನಂತೆ. ಕಾರ್ಯ ಮುಗಿದು ಊಟಕ್ಕೆ ಜನ ಕೂಡುವ ಹೊತ್ತಿಗೆ ಅವನು ಮುಂಡರಗಿಯ ಬಸ್ಸಿನಲ್ಲಿದ್ದ. ಅವನ ತಾಯಿ ತಿಪ್ಪವ್ವ ಇದನ್ನು ಇನ್ನೂ ಮರೆತಿಲ್ಲ. ದಾಯಾದಿಯೊಬ್ಬ ತನ್ನ ಮೋಟರು ಮೊದಲು ಮಾಡಿಕೊಡಲು ಕೇಳಿದಾಗ, ಸರತಿ ಇದೆ, ಆಗುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ. ನೋಡೋಣ ಎಂದಿದ್ದರೂ ಸಾಕಿತ್ತು. ಆಗುವುದಿಲ್ಲ ಎಂದು ಅರ್ಥ ಮಾಡಿಕೊಂಡು ಆ ಮನುಷ್ಯ ಮರ್ಯಾದೆಯಿಂದ ಎದ್ದು ಹೋಗುತ್ತಿದ್ದ. ಈಗ ಮಾತು ಬಿಟ್ಟಿದ್ದಾನೆ.

ಲೋಹಿತ ಹುಟ್ಟಿನಿಂದ ಹೀಗಿರಲಿಲ್ಲ. ಅವನು ಅಸುಂಡಿಯವನು. ಶಾಲೆ ಅರ್ಧಕ್ಕೆ ನಿಂತ ಮೇಲೆ ಬೆಟಗೇರಿಯಲ್ಲಿ ಇಲಿಯಾಸರ ಕೈಕೆಳಗೆ ರಿವೈಂಡಿಂಗ್ ಕಲಿಯಲು ಸೇರಿದ. ಇಲಿಯಾಸರು ಸುತ್ತಿದ ಮೋಟರು ವರ್ಷಗಟ್ಟಲೆ ಸುಡುವುದಿಲ್ಲ ಎಂಬ ಖ್ಯಾತಿ ಇತ್ತು. ಅದು ಕೈಗೆ ಸಿಗುವುದೂ ಅಷ್ಟೇ ನಿಧಾನ ಎಂಬುದು ಖ್ಯಾತಿಯ ಉಳಿದ ಅರ್ಧ. ಅವರ ಅಂಗಡಿಯಲ್ಲಿ ಸದಾ ಜನ, ಸದಾ ಚಹಾ. ಒಬ್ಬ ಮುದುಕ ರೈತ ಸಿಟ್ಟಿನಿಂದ ಕೇಳಿದ್ದನ್ನು ಲೋಹಿತನೇ ನನಗೆ ಹೇಳಿದ್ದಾನೆ.

“ನಾವೇನ ದೆವ್ವೇನೋ ಇಲಿಯಾಸ? ಬಾಗಲಕ್ಕ ಬರ್ದಂಗ ಬಂದಾಗೊಮ್ಮೆ ನಾಳಿ ಬಾ ಅಂತಿ.”

“ದೆವ್ವ ಆಗಿದ್ರ ಓದಿ ಹೋಗ್ತಿತ್ತಪಾ,” ಎಂದರಂತೆ ಇಲಿಯಾಸರು. “ನೀ ಹೋಗಂಗಿಲ್ಲಲ್ಲ. ಕುಂಡ್ರು, ಚಾ ಹೇಳೀನಿ.”

ಹೇಳುವಾಗ ಲೋಹಿತ ನಗಲಿಲ್ಲ. ಏಕೆಂದರೆ ಅದೇ ಅಂಗಡಿಯಲ್ಲಿ ಅವನ ತಂದೆ ತಿರಕಪ್ಪನ ಮೋಟರೂ ಬಿದ್ದಿತ್ತು. ಅಸುಂಡಿಯ ಹೊಲದಲ್ಲಿ ಆಗತಾನೆ ಮೆಣಸಿನ ಸಸಿ ಹಚ್ಚಿದ್ದರು. ಬಾವಿಯಲ್ಲಿ ನೀರಿತ್ತು, ಮೇಲೆತ್ತುವ ಯಂತ್ರವಿರಲಿಲ್ಲ. ಮಗನೇ ಅಂಗಡಿಯಲ್ಲಿರುವಾಗ ತಂದೆ ಅವಸರ ಮಾಡಲಿಲ್ಲ. ಉಸ್ತಾದರು ಹೇಳದೆ ಮಗ ಕೈಹಚ್ಚಲಿಲ್ಲ. ನಾಳೆ, ನಾಳೆ ಎನ್ನುವಷ್ಟರಲ್ಲಿ ಸಸಿ ಒಣಗಿದವು. ತಿರಕಪ್ಪ ಯಾರನ್ನೂ ಬೈಯಲಿಲ್ಲ, ಮೋಟರನ್ನು ಹೇರಿಕೊಂಡು ಹೋದ. ಲೋಹಿತ ಅದನ್ನು ಮರೆಯಲಿಲ್ಲ.

ಅದೇ ವರ್ಷ ಗದಗದಲ್ಲಿ ಸಣ್ಣ ಉದ್ಯೋಗಸ್ಥರಿಗಾಗಿ ಒಂದು ಸಂಘದವರು ತರಬೇತಿ ಏರ್ಪಡಿಸಿದ್ದರು. ಭಾಷಣಕಾರ ಹುಬ್ಬಳ್ಳಿಯಿಂದ ಬಂದವನು, ಇಂಥವರು ಮಾತಾಡುವ ಹಾಗೆಯೇ ಮಾತಾಡಿದ. ದೊಡ್ಡ ಗುರಿ ಯಾರನ್ನೂ ಬದಲಿಸುವುದಿಲ್ಲ, ದಿನಾ ಮಾಡುವ ಸಣ್ಣ ಕೆಲಸ ಬದಲಿಸುತ್ತದೆ ಎಂದ. ನಿಮ್ಮನ್ನು ಹಿಂದೆ ಎಳೆಯುವ ಒಂದು ಮಾತು ನಿಮ್ಮ ಬಾಯಲ್ಲಿದೆ, ಅದನ್ನು ಹುಡುಕಿ ಬಿಟ್ಟುಬಿಡಿ ಎಂದ. ಬಂದವರು ಊಟದ ಪೊಟ್ಟಣ ಇಸಿದುಕೊಂಡು ಮನೆಗೆ ಹೋದರು. ಲೋಹಿತ ಮಾತ್ರ ಆ ಮಾತನ್ನು ಕಟ್ಟಿಕೊಂಡು ಹೋದ. ಕೆಲವೇ ತಿಂಗಳಲ್ಲಿ ಇಲಿಯಾಸರ ಅಂಗಡಿ ಬಿಟ್ಟು ಮುಂಡರಗಿಗೆ ಬಂದ. ಬಿಡುವಾಗಲೂ ಏಕೆಂದು ಮುಖಕ್ಕೇ ಹೇಳಿದನಂತೆ: ನಿಮ್ಮ ಕೈ ಕಲಿತೀನಿ, ನಿಮ್ಮ ಬಾಯಿ ಕಲಿಯೂದಿಲ್ಲ.

ಇಷ್ಟಾಗಿ ವರ್ಷಗಳು ಕಳೆದ ಮೇಲೆ ಇಲಿಯಾಸರು ಮುಂಡರಗಿಗೆ ಬಂದರು. ಬೆಟಗೇರಿಯಲ್ಲಿ ಅಂಗಡಿಯಿದ್ದ ಕಟ್ಟಡವನ್ನು ಮಾಲೀಕರು ಕೆಡವಿಸಿದ್ದರು. ಹೆಂಡತಿ ತೀರಿಕೊಂಡಿದ್ದಳು. ಇದ್ದ ಒಬ್ಬಳೇ ಮಗಳು ರುಹಿಯನ್ನು ಮುಂಡರಗಿಗೆ ಕೊಟ್ಟಿತ್ತು, ಅವಳೇ ಒತ್ತಾಯ ಮಾಡಿ ಕರೆತಂದಳು. ಅಳಿಯ ಒಳ್ಳೆಯವನು, ಒಂದು ಮಾತು ಅಂದವನಲ್ಲ. ಆದರೆ ಮಗಳನ್ನು ಕೊಟ್ಟ ಮನೆಯಲ್ಲಿ ಗಂಡಸು ಹಗಲೆಲ್ಲ ಕೂತು ಉಣ್ಣುವುದು ನಮ್ಮ ಕಡೆ ಎಂಥದೆಂದು ವಿವರಿಸಬೇಕಾಗಿಲ್ಲ. ಇಲಿಯಾಸರಿಗೆ ಬೆಳಿಗ್ಗೆ ಎದ್ದು ಹೊರಗೆ ಹೋಗಲು ಒಂದು ಜಾಗ ಬೇಕಿತ್ತು. ಅವರಿಗೆ ಗೊತ್ತಿದ್ದುದು ಒಂದೇ ಕೆಲಸ. ಆ ಕೆಲಸ ಸಿಗುವ ಪರಿಚಯದ ಜಾಗವೂ ಒಂದೇ.

ಅವರು ಬಂದು ಕೇಳಿದ ದಿನವೇ ಲೋಹಿತ ಮೇಜಿನ ಒಂದು ತುದಿಯನ್ನು ಬಿಟ್ಟುಕೊಟ್ಟ. ಉಳಿದವರಿಗಿರುವ ಕೂಲಿ, ಉಳಿದವರಿಗಿರುವ ನಿಯಮ. ಚಹಾ ಇಲ್ಲ, ಹರಟೆ ಇಲ್ಲ, ಬರೆದ ವಾರ ತಪ್ಪುವಂತಿಲ್ಲ. ಇಲಿಯಾಸರು ತಲೆಯೆತ್ತಿ ಬೋರ್ಡನ್ನು ಓದಿ, “ಇದನ್ನ ನನ್ನ ಸಲುವಾಗೇ ಬರಿಸಿದಂಗ ಐತಲ್ಲೋ ಲೋಹ್ಯಾ,” ಎಂದು ನಕ್ಕರು. ಹೌದು ಎಂದ ಲೋಹಿತ. ಅಲ್ಲಿಂದ ಮುಂದೆ ಇಲಿಯಾಸರು ಅವನನ್ನು ಮಾಲಕರೇ ಎಂದು ಕರೆಯತೊಡಗಿದರು. ಮೊದಮೊದಲು ಅದರಲ್ಲಿ ಚೇಷ್ಟೆಯಿತ್ತು. ಆಮೇಲೆ ಉಳಿಯಲಿಲ್ಲ.

ಅವರ ಕಣ್ಣು ಮಬ್ಬಾಗಿತ್ತು. ಬೆರಳಿಗೆ ನೆನಪಿತ್ತು, ಕಣ್ಣು ಜೊತೆ ಕೊಡುತ್ತಿರಲಿಲ್ಲ. ಅವರು ಸುತ್ತಿದ ಮೊದಲ ಮೋಟರಿಗೆ ಟೆಸ್ಟಿಂಗ್ ಬಲ್ಬು ಹಿಡಿದರು. ತಂತಿ ಎಲ್ಲಾದರೂ ಕಬ್ಬಿಣಕ್ಕೆ ತಾಗಿದ್ದರೆ ಈ ಬಲ್ಬು ಹತ್ತುತ್ತದೆ, ಹತ್ತಿದರೆ ಕೆಲಸ ಕೆಟ್ಟಿತೆಂದು ಅರ್ಥ. ಬಲ್ಬು ಹತ್ತಿತು. ಗಿರಾಕಿಗಳಿದ್ದರು, ಕೆಲಸದವರಿದ್ದರು. ಲೋಹಿತ ಉಳಿ ತೆಗೆದುಕೊಂಡ.

“ಉಸ್ತಾದ್ರ, ಇದು ನಡಿಯೂದಿಲ್ಲ.”

ಅಷ್ಟೇ ಹೇಳಿ, ಅವರು ಎರಡು ದಿನ ಕೂತು ಮಾಡಿದ ಸುರುಳಿಗಳನ್ನೆಲ್ಲ ಅವರ ಎದುರಿಗೇ ಕಡಿದು ಹಾಕಿ, ತಾನೇ ಹೊಸದಾಗಿ ಸುತ್ತಲು ಕೂತ. ಬೇರೆ ಕೆಲಸಗಾರನಾಗಿದ್ದರೂ ಅವನು ಅದನ್ನೇ ಮಾಡುತ್ತಿದ್ದ. ಅವನ ಪಕ್ಷದಲ್ಲಿ ಹೇಳಬಹುದಾದದ್ದು ಅಷ್ಟೇ, ಅವನ ವಿರುದ್ಧ ಹೇಳಬಹುದಾದದ್ದೂ ಅಷ್ಟೇ. ಇಲಿಯಾಸರು ನೆಲಕ್ಕೆ ಬಿದ್ದ ತಾಮ್ರದ ಚೂರುಗಳನ್ನು ಆರಿಸಿ ಡಬ್ಬಿಯಲ್ಲಿ ಹಾಕಿದರು.

ಮಾರನೆಯ ವಾರ ನನ್ನ ಮೋಟರು ಮತ್ತೆ ಕೆಟ್ಟು ನಾನು ಅಲ್ಲಿಗೆ ಹೋದಾಗ ಲೋಹಿತ ಅವರಿಗೆ ಇನ್ನೊಂದು ಮೋಟರನ್ನು ಒಪ್ಪಿಸುತ್ತಿದ್ದ. ಸಿಂಗಟಾಲೂರಿನ ಸಕ್ರಪ್ಪನದು. ಅದರ ಮೇಲೆ ಗುರುವಾರ ಎಂದು ಬರೆದಾಗಿತ್ತು. ದನಿ ಏರಿಸದೆ ಹೇಳಿದ:

“ಬರ್ದ ದಿನಕ್ಕ ಆಗಬೇಕ್ರಿ ಉಸ್ತಾದ್ರ. ಬಲ್ಬ ಹತ್ತಬಾರ್ದು. ಆಗಲಿಲ್ಲ ಅಂದ್ರ ಈ ಕೆಲಸ ನಿಮಗ ಬ್ಯಾಡ್ರಿ.”

ಇಲಿಯಾಸರು ತಲೆಯಾಡಿಸಿದರು. ಅವರು ನೀರು ಕುಡಿಯಲು ಹೊರಗೆ ಹೋದಾಗ ನಾನು ಲೋಹಿತನಿಗೆ, ವಯಸ್ಸಾದವರನ್ನು ಕೆಲಸದವರ ಮೇಲ್ವಿಚಾರಣೆಗೆ ಕೂಡಿಸಬಹುದಲ್ಲ, ಸುತ್ತುವ ಕೆಲಸವನ್ನೇ ಏಕೆ ಕೊಡಬೇಕು ಎಂದೆ. ಅವನು ತಂತಿ ಅಳೆಯುವುದನ್ನು ನಿಲ್ಲಿಸಲಿಲ್ಲ.

“ಸುಮ್ಮ ಕುಂಡ್ರಸಿದ್ರ ಯಾಕಂತ ಅವರಿಗೆ ಗೊತ್ತಾಗತೈತ್ರಿ ಅಕ್ಕಾರ.”

ಕಲ್ಲಿನಂಥ ಉತ್ತರ ಎಂದುಕೊಂಡು ಮನೆಗೆ ಬಂದೆ. ನನ್ನ ಮೋಟರಿನ ಮೇಲೂ ಅವನು ಗುರುವಾರ ಎಂದೇ ಬರೆದಿದ್ದ.

ಆ ದಿನಗಳಲ್ಲಿ ರುಹಿಯನ್ನು ಕಂಡಾಗ, ಅಪ್ಪ ಮನೆಯಲ್ಲಿ ಮಾತೇ ಬಿಟ್ಟಿದ್ದಾರೆ ಎಂದಳು. ಹೊಸ ಕನ್ನಡಕ ಮಾಡಿಸಿಕೊಂಡಿದ್ದರಂತೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಕಟ್ಟೆಯ ಮೇಲೆ ಕೂತಿರುತ್ತಾರೆ ಎಂದು ಪ್ರಿಯಾಂಕಾ ಹೇಳಿದಳು. ಜೀವಮಾನವಿಡೀ ಅವಸರ ಅರಿಯದ ಮನುಷ್ಯ. ಕೆಲಸ ಕೈತಪ್ಪಿದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬ ಒಂದೇ ಚಿಂತೆ ಅವರನ್ನು ಹೊಸ ಅಭ್ಯಾಸಕ್ಕೆ ಹಚ್ಚಿತ್ತು. ಭಾಷಣಕಾರರು ಇದನ್ನು ಹೇಳುವುದಿಲ್ಲ. ಬಹಳ ಮಂದಿ ತಮ್ಮನ್ನು ತಿದ್ದಿಕೊಳ್ಳುವುದು ಹೆದರಿಕೆಯಿಂದ.

ಸುತ್ತುವ ಕೆಲಸ ಮಂಗಳವಾರ ಮುಗಿದಿತ್ತು. ಬಲ್ಬು ಹತ್ತಲಿಲ್ಲ. ಲೋಹಿತ ಎರಡು ಸಲ ಹಿಡಿದು ನೋಡಿ ಬಲ್ಬನ್ನು ಗೂಟಕ್ಕೆ ತೂಗಹಾಕಿದನಂತೆ. ಇಲಿಯಾಸರು ವಾರ್ನಿಶ್ ಹಾಕಿ ಮೋಟರನ್ನು ಬಾಗಿಲ ಹೊರಗೆ ಬಿಸಿಲಿಗೆ ಇಟ್ಟರು. ಬುಧವಾರ ಬಿಸಿಲೇ ಬರಲಿಲ್ಲ. ಮೋಡ ಮುಚ್ಚಿತು, ಮಳೆಯೂ ಬೀಳಲಿಲ್ಲ. ತೇವದ ಗಾಳಿ ಬೀಸುತ್ತಲೇ ಇತ್ತು.

ಗುರುವಾರ ನಾನು ನನ್ನ ಮೋಟರಿಗಾಗಿ ಹೋದಾಗ ಸಕ್ರಪ್ಪ ಆಗಲೇ ಬಂದಿದ್ದ. ಮೋಟರು ಹೇರಲು ಟಂಟಂ ಗಾಡಿಯನ್ನು ತಂದು ರಸ್ತೆಯ ಬದಿಗೆ ನಿಲ್ಲಿಸಿದ್ದ, ಜೊತೆಗೆ ಊರಿನ ಇಬ್ಬರು. ಲೋಹಿತ ಒಳಗೆ ನನ್ನ ಮೋಟರಿನ ಮುಚ್ಚಳ ಬಿಗಿಯುತ್ತಿದ್ದ. ಇಲಿಯಾಸರು ಸಕ್ರಪ್ಪನ ಮೋಟರಿನ ಮುಂದೆ ಕೂತು ಒಳಗಿನ ಸುರುಳಿಯ ಮೇಲೆ ಬೆರಳಿಟ್ಟು ತೆಗೆದರು. ಬೆರಳು ಅಂಟಿತು. ವಾರ್ನಿಶ್ ಹಸಿಯಿತ್ತು.

ಹಸಿ ಮೋಟರನ್ನು ಮುಚ್ಚಿ ಕೊಟ್ಟರೆ ಅದು ಅವತ್ತು ಓಡುತ್ತದೆ. ಕೆಲ ದಿನ ಓಡಿ ಸುಡುತ್ತದೆ. ಕೊಂಡುಹೋಗುವವನಿಗೆ ಗೊತ್ತಾಗುವುದಿಲ್ಲ, ಕರೆಂಟನ್ನು ಬೈದುಕೊಳ್ಳುತ್ತಾನೆ. ಇಲಿಯಾಸರು ಜೀವಮಾನದಲ್ಲಿ ಜನರನ್ನು ಬೇಕಾದಷ್ಟು ಅಲೆಸಿದ್ದರು, ಹಸಿ ಮೋಟರನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಅವರ ನಾಳೆಗಳಲ್ಲಿ ಅರ್ಧದಷ್ಟು ಚಹಾಕ್ಕೆ ಹೋಗಿರಬಹುದು, ಉಳಿದರ್ಧ ಒಣಗುವುದಕ್ಕೆ ಹೋಗಿದ್ದವು.

“ಆತೇನ್ರಿ ಸಾಬರ?” ಎಂದ ಸಕ್ರಪ್ಪ.

ಇಲಿಯಾಸರ ತುಟಿ ತೆರೆಯಿತು. ಯಾವ ಮಾತು ಬರುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರ ದೃಷ್ಟಿ ಒಳಗೋಡೆಯ ಕೆಂಪು ಅಕ್ಷರಗಳ ಕಡೆ ಹೋಯಿತು. ಬಾಯಿ ಮುಚ್ಚಿದರು. ಆಮೇಲೆ ಪಾನಾಕ್ಕೆ ಕೈ ಹಾಕಿದರು.

“ಆತ್ರಿ. ಮುಚ್ಚಿ ಕೊಡ್ತೀನಿ,” ಎಂದರು. ಹೇಳಿದ್ದು ಸಕ್ರಪ್ಪನಿಗೆ, ನೋಡಿದ್ದು ಒಳಗಿದ್ದ ಲೋಹಿತನ ಕಡೆಗೆ.

ಲೋಹಿತ ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದ. ಹೊರಗೆ ಬಂದು ಮೋಟರಿನ ಪಕ್ಕ ಕೂತು ತಾನೂ ಬೆರಳಿಟ್ಟು ನೋಡಿದ. ಇಲಿಯಾಸರ ಮುಷ್ಟಿಯಲ್ಲಿ ಪಾನಾ ಹಾಗೇ ಇತ್ತು. ಉಳಿಯನ್ನು ತರಲು ಲೋಹಿತ ಎದ್ದಾನು ಎಂದೇ ನಾನು ತಿಳಿದೆ. ಅವನು ಅಂಗೈಯನ್ನು ಕಬ್ಬಿಣಕ್ಕೆ ಒತ್ತಿ, ಗುರುವಾರ ಎಂದು ಬರೆದದ್ದನ್ನು ಒರೆಸಿದ.

“ನಾಳಿ ಬರ್ರಿ ಸಕ್ರಪ್ಪ.”

ಜೊತೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿದರು.

“ಏನಂದಿ?” ಎಂದ ಸಕ್ರಪ್ಪ.

“ನಾಳಿ ಬರ್ರಿ ಅಂದೆ. ಉಸ್ತಾದ್ರು ತಮ್ಮ ಕೆಲಸ ಮಂಗಳಾರನ ಮುಗಿಸ್ಯಾರ. ವಾರ್ನಿಶ್ ತರೂದು ನಾನ ತಡಾ ಮಾಡಿದೆ.”

ವಾರ್ನಿಶಿನ ಡಬ್ಬಿ ಹಿಂದಿನ ವಾರದಿಂದಲೇ ಕಪಾಟಿನಲ್ಲಿತ್ತು. ನಾನು ಕಂಡಿದ್ದೆ, ಸಕ್ರಪ್ಪನೂ ಕಂಡಿದ್ದಿರಬೇಕು. ಅವನು ಕತ್ತು ನೀಡಿ ಬೋರ್ಡಿನ ಕಡೆ ನೋಡಿ, ಗಾಡಿಯವನಿಗೂ ಕೇಳಿಸುವಂತೆ ಅಂದ:

“ಹಂಗಾರ ಅದನ್ನ ಕೆಳಗ ಇಳಿಸಿ ಬಿಡಪಾ. ಯಾಕ ಸುಮ್ಮನ ಗ್ವಾಡಿ ಹೊಲಸ ಮಾಡ್ತಿ?”

“ಅದರಾಗ ನಾಳೆ ಅಂತ ಐತ್ರಿ,” ಎಂದ ಲೋಹಿತ. “ಅಕ್ಕಾರ ತಿದ್ದಿ ಕೊಟ್ಟಾರ. ನಾ ಅಂದದ್ದು ನಾಳಿ.”

ಅವನ ಮುಖದಲ್ಲಿ ನಗೆಯಿರಲಿಲ್ಲ. ಸಕ್ರಪ್ಪನೇ ಮೊದಲು ನಕ್ಕ. ನಗಬಾರದೆಂದು ತಡೆದುಕೊಳ್ಳಲು ನೋಡಿ, ಆಗದೆ, ಹೆಗಲ ಮೇಲಿನ ಟವೆಲ್ಲನ್ನು ಝಾಡಿಸಿ ಗಾಡಿ ಹತ್ತಿದ. ಹೊಳೆಯ ಕಡೆಗೆ ಗಾಡಿ ಹೋಯಿತು, ಖಾಲಿಯಾಗಿ.

ಇಲಿಯಾಸರು ಪಾನಾವನ್ನು ಎತ್ತಿಕೊಂಡು ಒಳಗೆ ಹೋಗಿ, ಹಲಗೆಯ ಮೇಲೆ ಅದರ ನೆರಳಿನ ಜಾಗವನ್ನು ಬೆರಳಿನಿಂದ ತಡವಿ ಹುಡುಕಿ ತೂಗಹಾಕಿ ಬಂದರು. ಲೋಹಿತ ಇನ್ನೂ ಮೋಟರಿನ ಹತ್ತಿರವೇ ಕೂತಿದ್ದ. ಒರೆಸಿದ ಅಂಗೈ ಬೆಳ್ಳಗಾಗಿತ್ತು. ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು ಬರೆಯಲು ಹೊರಟವನು ತಡೆದು, ಅದನ್ನು ಅವರ ಕಡೆ ಚಾಚಿದ.

“ಯಾವತ್ತ ಒಣಗತೈತೋ ನೀವ ಬರೀರಿ ಉಸ್ತಾದ್ರ.”

ಅವರು ತೆಗೆದುಕೊಳ್ಳುವವರೆಗೆ ಕೈಯನ್ನು ಹಾಗೇ ಚಾಚಿಕೊಂಡಿದ್ದ.